ನೀರುಕಾಗೆ ರೆಕ್ಕೆ ಹರಡಿ ನಿಂತದ್ದು

ದೇವರು ಲೋಕವನ್ನು ಆಗತಾನೆ ಮಾಡಿ ಮುಗಿಸಿದ್ದ. ಬೆಟ್ಟಗಳ ಮೇಲೆ ಅವನ ಬೆರಳಿನ ಗುರುತು ಇನ್ನೂ ಹಸಿಯಾಗಿತ್ತು. ಹೊಳೆ ಮಾತಾಡುತ್ತಿತ್ತು, ಗಾಳಿ ಮಾತಾಡುತ್ತಿತ್ತು, ನೀರುಕಾಗೆಯಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ.

ಆಗ ನೀರುಕಾಗೆಯ ಮೈಗೆ ನೀರು ಅಂಟುತ್ತಿರಲಿಲ್ಲ. ಕೆಸುವಿನೆಲೆಯ ಮೇಲಿನ ಹನಿಯಂತೆ ಜಾರಿಹೋಗುತ್ತಿತ್ತು. ಮುಳುಗುವುದು, ಏಳುವುದು, ಮತ್ತೆ ಮುಳುಗುವುದು, ಇದೇ ಅದರ ಜಂಬ.

ಆ ಹೊಳೆಗೆ ಒಂದು ಮರ್ಯಾದೆ ಇತ್ತು. ಮೀನಿಗೆ ಬಂದವರು ಮೊದಲು ದಡದಲ್ಲಿ ನಿಂತು, “ಹೊಳೆಯಮ್ಮಾ, ಇಳಿಯಲಾ?” ಎಂದು ಕೇಳಬೇಕು. ಆಗಲೇ ಒಬ್ಬರು ಮೀನು ಹಿಡಿಯುತ್ತಿದ್ದರೆ ಅವರಿಗಿಂತ ಕೆಳಗೆ ಹೋಗಬೇಕು. ಮೇಲೆ ಇಳಿದರೆ ನೀರು ಕದಡಿ ಕೆಳಗಿನವರ ಮೀನು ಓಡಿಹೋಗುತ್ತದಲ್ಲ! ನೀರುನಾಯಿಯಂಥ ತುಂಟನೂ ಇದನ್ನು ಮೀರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕೆಂಚಜ್ಜಿ ಹೊಳೆಗೆ ಬಂದಳು. ಮಗಳು ಹೆತ್ತು ಮೂರು ದಿನವಾಗಿತ್ತು. ಎದೆಹಾಲು ಬಂದಿರಲಿಲ್ಲ, ಕೂಸು ಅತ್ತೂ ಅತ್ತೂ ಸೋತಿತ್ತು. ಚುಕ್ಕೆಮೀನಿನ ಸಾರು ಕುಡಿದರೆ ಬಾಣಂತಿಗೆ ಹಾಲು ಇಳಿಯುತ್ತದೆಂದು ಅಜ್ಜಿಗೆ ಗೊತ್ತಿತ್ತು. “ಕೊಡುವವನಿದ್ದಾನೆ, ಕೇಳುವುದಷ್ಟೇ ನಮ್ಮ ಕೆಲಸ” ಎಂದು ಹೊರಟಿದ್ದಳು.

ಚುಕ್ಕೆಮೀನು ಎರೆಹುಳಕ್ಕೆ ಬಾಯಿ ಹಾಕದು. ಅದಕ್ಕೆ ನೀರ ಮೇಲೆ ಹಾರಾಡುವ ನೊಣವೇ ಬೇಕು. ಅಜ್ಜಿ ಮಿಂಚುಳ್ಳಿ ಉದುರಿಸಿದ ಪುಕ್ಕವನ್ನು ಬಾಗಿದ ಮುಳ್ಳಿಗೆ ಸುತ್ತಿ ನೊಣ ಮಾಡಿ, ದಾರದಿಂದ ಗಾಳದ ಕೋಲಿಗೆ ಕಟ್ಟಿದ್ದಳು.

“ಹೊಳೆಯಮ್ಮಾ, ಇಳಿಯಲಾ?”

“ಇಳಿ ಮಗಳೇ. ಕಲ್ಲು ಜಾರುತ್ತೆ, ಜೋಪಾನ” ಎಂದಳು ಹೊಳೆಯಮ್ಮ.

ಅಜ್ಜಿ ಮೊಣಕಾಲುದ್ದ ನೀರಿನಲ್ಲಿ ನಿಂತು ಕೋಲು ಬೀಸಿದಳು. ಪುಕ್ಕದ ನೊಣ ನೀರ ಮೇಲೆ ಕೂತಿತು, ಎದ್ದಿತು, ಮತ್ತೆ ಕೂತಿತು.

ಮೇಲಿನ ಬಂಡೆಯಿಂದ ನೀರುಕಾಗೆ ನಕ್ಕಿತು. “ಏನಜ್ಜೀ, ಮೀನಿಗೆ ಚಾಮರ ಬೀಸ್ತಿದ್ದೀಯಾ? ನಿದ್ದೆ ಬಂದೀತು ಅದಕ್ಕೆ!”

“ಬೀಸ್ತೀನಪ್ಪ. ನಿನಗೆ ಹಸಿವಾದರೆ ಕೆಳಗಿನ ಮಡುವಿಗೆ ಹೋಗು. ಮೇಲೆ ಮಾತ್ರ ಇಳೀಬೇಡ.”

“ಕೇಳೋದು, ಕಾಯೋದು ಎಲ್ಲಾ ಮುಳುಗೋಕೆ ಬಾರದವರಿಗೆ!”

ಅಷ್ಟರಲ್ಲಿ ಪುಕ್ಕ ಸರಕ್ಕನೆ ಒಳಗೆ ಹೋಯಿತು. ಕೋಲು ಬಾಗಿತು. ದೊಡ್ಡ ಚುಕ್ಕೆಮೀನು! ಅದನ್ನು ಕಂಡದ್ದೇ ತಡ, ಕಿತ್ತುಕೊಳ್ಳುವ ಆಸೆಯಿಂದ ನೀರುಕಾಗೆ ಕೇಳದೆ, ಹೇಳದೆ, ಮೇಲಿನ ನೀರಿಗೆ ದುಡುಮ್ಮನೆ ಧುಮುಕಿತು.

ಹೊಳೆಯಮ್ಮ ಸಿಟ್ಟಾಗಲಿಲ್ಲ. ಮೆಲ್ಲಗೆ ಅಂದಳು: “ನೀನು ಕೇಳದೆ ನನ್ನೊಳಗೆ ಬಂದೆ. ಇನ್ನು ನಾನೂ ಕೇಳದೆ ನಿನ್ನೊಳಗೆ ಬರುತ್ತೇನೆ.”

ಪುಕ್ಕಪುಕ್ಕಕ್ಕೂ ನೀರು ನುಗ್ಗಿತು. ರೆಕ್ಕೆ ಒದ್ದೆ ಕಂಬಳಿಯಾಯಿತು. “ಅಜ್ಜೀ! ಅಜ್ಜೀ!” ಎನ್ನುತ್ತ ನೀರುಕಾಗೆ ಮುಳುಗೇಳುತ್ತ ಕೊಚ್ಚಿಕೊಂಡು ಬಂತು.

ಕೋಲು ಚಾಚಿದರೆ ದಾರ ಸಡಿಲಾಗಿ ಮೀನು ಹೋಗುತ್ತದೆ. ಚಾಚದಿದ್ದರೆ ಹಕ್ಕಿ ಹೋಗುತ್ತದೆ. ಕೂಸಿನ ಒಣಗಿದ ತುಟಿ ಅಜ್ಜಿಯ ಕಣ್ಣಿಗೆ ಕಟ್ಟಿತು. “ಕೂಸು, ಹಕ್ಕಿ ಎರಡೂ ನಿನ್ನವೇ, ಸ್ವಾಮಿ” ಎಂದವಳೇ ಕೋಲು ಚಾಚಿಬಿಟ್ಟಳು.

ಮೀನು ಹೋಯಿತು. ಹಕ್ಕಿ ಕೋಲನ್ನು ಕಚ್ಚಿ ಹಿಡಿದು ಬಂಡೆ ಹತ್ತಿತು, ಗಡಗಡ ನಡುಗುತ್ತ.

“ಮುದುಡಿ ಕೂತರೆ ಒಣಗ್ತೀಯೇನೋ? ರೆಕ್ಕೆ ಹರಡು, ಬಿಸಿಲಿಗೆ ತೋರಿಸು” ಎಂದು ಗದರಿದಳು ಅಜ್ಜಿ.

ನೀರುಕಾಗೆ ಹರಡಿತು. “ತಪ್ಪಾಯ್ತು, ಹೊಳೆಯಮ್ಮಾ. ನಿನ್ನ ನೀರನ್ನ ನೀನೇ ತಗೋ.”

“ಆಡಿದ ಮಾತು ಆಡಿದ್ದೇ, ಮಗನೇ. ಮುಳುಗು, ತಿನ್ನು, ಬೇಡ ಅನ್ನೋಲ್ಲ. ಆಮೇಲೆ ಎದ್ದು ಹೀಗೆಯೇ ನಿಲ್ಲು. ನೀನು ಒಣಗುವಷ್ಟು ಹೊತ್ತು ಹೊಳೆ ಬೇರೆಯವರದು.”

ನೀರುಕಾಗೆ ಅಲುಗದೆ ನಿಂತಿತು. ಮಡು ತಿಳಿಯಾಯಿತು. ಅಜ್ಜಿ ಪುಕ್ಕವನ್ನು ಊದಿ ಒಣಗಿಸಿ ಮತ್ತೆ ಬೀಸಿದಳು. ಮೊದಲಿನದಕ್ಕಿಂತ ಚಿಕ್ಕ ಮೀನೊಂದು, ಒಂದು ಹೊತ್ತಿನ ಸಾರಿಗೆ ಸಾಕಾಗುವಂಥದ್ದು, ಬಂದು ಕಚ್ಚಿತು. ಮಧ್ಯಾಹ್ನ ಸಾರು ಕುದಿಯಿತು. ಸಂಜೆ ಕೂಸು ಹೊಟ್ಟೆ ತುಂಬಿ ಮಲಗಿತು. ದೇವರು ದೊಡ್ಡವನು.

ನೋಡು ಮಗೂ, ಹೊಳೆಯ ನಡುವಿನ ಬಂಡೆಯ ಮೇಲೆ ಕಪ್ಪು ಹಕ್ಕಿಯೊಂದು ಎರಡೂ ರೆಕ್ಕೆ ಹರಡಿ ನಿಂತಿದೆಯಲ್ಲ, ಅದು ತನ್ನ ಸರದಿ ಮುಗಿಸಿ ಹೊಳೆಯನ್ನು ಉಳಿದವರಿಗೆ ಬಿಟ್ಟುಕೊಟ್ಟ ನೀರುಕಾಗೆ.