ಎದ್ದು ನಿಲ್ಲದ ಕೊಕ್ಕರೆ

ಆಕಾಶಕ್ಕೆ ಒಡೆಯರಿಲ್ಲ ಎಂದು ಆ ಕಾಡಿನಲ್ಲಿ ಎಲ್ಲರೂ ನಂಬಿದ್ದರು.

ನೆಲದ ಮೇಲೆ ಹುಲಿಯ ಗಡಿ ಇತ್ತು, ನೀರಿನಲ್ಲಿ ಮೊಸಳೆಯ ಗಡಿ ಇತ್ತು. ಮೇಲೆ ಬೇಲಿ ಕಂಡವರಿಲ್ಲ. ಬೇಲಿ ಇಲ್ಲವೆಂದ ಮೇಲೆ ಕಾನೂನೂ ಇಲ್ಲ. ಇಂಥ ಮಾತನ್ನು ಕಾಡಿನಲ್ಲಿ ಯಾರೂ ಎರಡನೇ ಸಲ ಯೋಚಿಸುವುದಿಲ್ಲ. ಊರಿನಲ್ಲೂ ಅಷ್ಟೇ.

ಕಾಡಿನ ನಡುವೆ ಹೆಗ್ಗೆರೆ ಎಂಬ ಕೆರೆಯಿತ್ತು. ದಡದ ಜಾಲಿಮರಗಳ ತುಂಬ ಕೊಕ್ಕರೆಗಳ ಗೂಡು. ಕೊಕ್ಕರೆ ಮೊಟ್ಟೆಯಿಟ್ಟಲ್ಲಿಂದ ಮರಿ ಹಾರುವ ತನಕ ಆ ದಡಕ್ಕೆ ಯಾರೂ ಕಾಲಿಡಬಾರದು ಎಂಬುದು ಹಳೆಯ ಕಟ್ಟಳೆ. ಆನೆ ದೊಡ್ಡಮ್ಮ ಕೂಡ ಆ ದಿನಗಳಲ್ಲಿ ಕೆರೆ ಬಿಟ್ಟು ದೂರದ ಹಳ್ಳಕ್ಕೆ ನೀರಿಗೆ ಹೋಗುತ್ತಿದ್ದಳು. "ನನ್ನಂಥ ನಾನೇ ಸುತ್ತಿಕೊಂಡು ಹೋಗುತ್ತೇನೆ" ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಅದು ಅವಳ ಹೆಮ್ಮೆ. ಮೆಚ್ಚತಕ್ಕ ಹೆಮ್ಮೆಯೇ.

ಒಮ್ಮೆ ಒಬ್ಬ ಪ್ರವಾಸಿ ಕಾಡಿಗೆ ಬಂದು ಡ್ರೋನ್ ಹಾರಿಸಿದ. ಕಾವಲುಗಾರ ಕೂಗಿಕೊಂಡು ಬಂದ. ಪ್ರವಾಸಿ ಡ್ರೋನನ್ನೂ ಅದರ ಚೀಲವನ್ನೂ ಅಲ್ಲೇ ಬಿಟ್ಟು ಓಡಿದ. ಡ್ರೋನ್ ಹಾರಿಸಬಾರದು ಎಂದು ಕಾಡಿನ ಬಾಗಿಲಲ್ಲೇ ಫಲಕ ಹಾಕಿದ್ದರು. ಪ್ರವಾಸಿ ಅದನ್ನು ಓದಲಿಲ್ಲ. ಆ ಫಲಕದ ಮೇಲೆಯೇ ದಿನವೂ ಕೂರುತ್ತಿದ್ದ ಮುಸುವ ಜಿಗಿಯಪ್ಪನಿಗೆ ಓದಲು ಬರುತ್ತಿರಲಿಲ್ಲ. ಇಬ್ಬರಲ್ಲಿ ಯಾರು ಹೆಚ್ಚು ವಿದ್ಯಾವಂತರು, ಮಕ್ಕಳೇ, ನೀವೇ ಹೇಳಿ.

ಡ್ರೋನ್ ಜಿಗಿಯಪ್ಪನಿಗೆ ಸಿಕ್ಕಿತು. ಮುಸುವನ ಬೆರಳು ಚುರುಕು. ಚೀಲದಲ್ಲಿದ್ದ ಸೌರ ಹಲಗೆಯನ್ನು ಬಿಸಿಲಿಗಿಟ್ಟರೆ ಯಂತ್ರಕ್ಕೆ ಜೀವ ಬರುತ್ತದೆಂದು ಬೇಗ ಕಲಿತ. ಏರಿಸಲು ಕಲಿತ, ಇಳಿಸಲು ಕಲಿತ. ಕೈಯಲ್ಲಿದ್ದ ಪುಟ್ಟ ಪರದೆಯಲ್ಲಿ ಮೇಲಿನ ನೋಟವೆಲ್ಲ ಕಾಣುತ್ತಿತ್ತು. ಎದೆ ಉಬ್ಬಿಸಿಕೊಂಡು ಕಾಡೆಲ್ಲ ಸುತ್ತಿದ.

"ಆಡುವುದಾದರೆ ಕಲ್ಲುಬಯಲಿಗೆ ಹೋಗಪ್ಪ" ಎಂದಳು ಆನೆ ದೊಡ್ಡಮ್ಮ. "ಅಲ್ಲಿ ಮರವಿಲ್ಲ, ಗೂಡಿಲ್ಲ, ಯಾರಿಗೂ ತೊಂದರೆಯಿಲ್ಲ."

"ಅಲ್ಲಿ ನೋಡುವವರೂ ಇಲ್ಲವಲ್ಲ ದೊಡ್ಡಮ್ಮ! ಯಾರೂ ನೋಡದಿದ್ದರೆ ಹಾರಿಸಿ ಏನು ಬಂತು? ನಾನು ಹೆಗ್ಗೆರೆಯ ಮೇಲೆ ಹಾರಿಸುತ್ತೇನೆ."

"ಕಟ್ಟಳೆ ಮರೆತೆಯೇನೋ?"

"ಕಟ್ಟಳೆ ಇರುವುದು ಕಾಲಿಗೆ. ನಾನೇನು ಕಾಲಿಡುತ್ತೇನೆಯೆ?"

ದೊಡ್ಡಮ್ಮನಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಉತ್ತರ ಹೊಳೆಯದವರು ಸೋತರು ಎಂದುಕೊಳ್ಳುವುದು ಜಿಗಿಯಪ್ಪನ ಅಭ್ಯಾಸ.

ಅವನು ದಡದಿಂದಾಚೆ, ಗಡಿಯ ಆಲದಮರದ ಮೇಲೆ ಕೂತು ಡ್ರೋನ್ ಬಿಟ್ಟ. ಅದು ಗುಂಯ್‌ಗುಡುತ್ತ ಜಾಲಿಮರಗಳ ಮೇಲೆ ಬಂದದ್ದೇ ತಡ, ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದು ಹಾರಿದವು.

ಪಕ್ಕದ ಕೊಂಬೆಯಲ್ಲಿ ಕಾಗೆ ಕಾಳಮ್ಮ ಕೂತಿದ್ದಳು. "ನೋಡಿದೆಯಾ ಜಿಗಿಯಣ್ಣ?" ಎಂದಳು. "ಇಡೀ ಕೆರೆ ನಿನಗೆ ಎದ್ದು ನಿಂತಿತು! ಹುಲಿ ಬಂದಾಗಲೂ ಹೀಗೆ ಎದ್ದವರಲ್ಲ."

"ಹೌದಾ?"

"ನಿನ್ನಾಣೆ. ನಾಳೆಯೂ ಬಾ. ಸ್ವಲ್ಪ ಹೊತ್ತು ಅಲ್ಲೇ ಸುತ್ತಿಸು. ಪಾಪ, ಅವರಿಗೂ ಮರ್ಯಾದೆ ತೋರಿಸಲು ಸಮಯ ಬೇಕಲ್ಲ."

ಇಷ್ಟು ಹೇಳಿ ಕಾಳಮ್ಮ ತನ್ನ ಬಳಗದೊಂದಿಗೆ ಜಾಲಿಮರಗಳ ಕಡೆ ಹಾರಿದಳು. ಎಲ್ಲಿಗೆ, ಏಕೆ ಎಂದು ಜಿಗಿಯಪ್ಪ ಕೇಳಲಿಲ್ಲ. ಹೊಗಳಿದವರನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ.

ಮರುದಿನವೂ ಹಾರಿಸಿದ. ಕೊಕ್ಕರೆಗಳು ಮತ್ತೆ ಎದ್ದವು. ಅವನು ಬಾಲವನ್ನು ಭುಜದ ಮೇಲೆ ಶಾಲಿನಂತೆ ಹಾಕಿಕೊಂಡು, ತಲೆಯಾಡಿಸಿ ಮರ್ಯಾದೆ ಸ್ವೀಕರಿಸಿದ.

ಅದರ ಮರುದಿನ ಒಂದು ಕೊಕ್ಕರೆ ಏಳಲಿಲ್ಲ.

ಅವಳ ಹೆಸರು ಪದುಮಕ್ಕ. ಗೂಡಿನಲ್ಲಿ ಹೆಮ್ಮೆಯಿಂದ ಕಾಯುತ್ತಿದ್ದ ಮೊಟ್ಟೆಗಳಲ್ಲಿ ಈಗ ಒಂದೇ ಉಳಿದಿತ್ತು. ಮಿಕ್ಕವು ಅವಳು ಹೆದರಿ ಹಾರಿದ ಹೊತ್ತಿನಲ್ಲಿ ಹೋಗಿದ್ದವು. ತಲೆಯ ಮೇಲೆ ಯಂತ್ರ ಗುಂಯ್‌ಗುಟ್ಟಿತು. ಅಕ್ಕಪಕ್ಕದವರೆಲ್ಲ ಹಾರಿದರು. ಪದುಮಕ್ಕನ ರೆಕ್ಕೆಯೂ ಅರ್ಧ ಬಿಚ್ಚಿತು. ಆದರೂ ಅವಳು ಮೊಟ್ಟೆಯ ಮೇಲೆ ಕೂತೇ ಇದ್ದಳು.

ಜಿಗಿಯಪ್ಪನಿಗೆ ಮುಖಕ್ಕೆ ಹೊಡೆದಂತಾಯಿತು. "ಯಾರವಳು? ಎಷ್ಟು ಸೊಕ್ಕು! ಹತ್ತಿರ ಹೋಗಿ ನೋಡುತ್ತೇನೆ" ಎಂದು ಯಂತ್ರವನ್ನು ಕೆಳಗಿಳಿಸಿದ. ಇನ್ನೂ ಕೆಳಗಿಳಿಸಿದ.

ಆಗ ಪರದೆಯಲ್ಲಿ ಪಕ್ಕದ ಗೂಡು ಕಂಡಿತು. ಗೂಡಿನ ಅಂಚಿನಲ್ಲಿ ಕಾಳಮ್ಮ ನಿಂತಿದ್ದಳು. ಅವಳ ಕೊಕ್ಕಿನಿಂದ ಮೊಟ್ಟೆಯ ಹಳದಿ ಸೋರುತ್ತಿತ್ತು.

ಜಿಗಿಯಪ್ಪನ ಬೆರಳು ನಿಂತಿತು. ಅಷ್ಟರಲ್ಲಿ ಪದುಮಕ್ಕ ಕತ್ತು ಚಾಚಿ ಕೊಕ್ಕಿನಿಂದ ಒಂದೇಟು ಕೊಟ್ಟಳು. ಯಂತ್ರದ ಒಂದು ರೆಕ್ಕೆ ಮುರಿಯಿತು. ಅದು ಗಿರಗಿರನೆ ತಿರುಗಿ ಜಾಲಿಮರದ ಬುಡದ ಕೆಸರಿಗೆ ಬಿತ್ತು. ಹಾರಿದ್ದ ಕೊಕ್ಕರೆಗಳು ಹಿಂದಿರುಗಿ ಕಾಗೆಗಳನ್ನು ಕೆರೆಯಾಚೆಗೆ ಅಟ್ಟಿದವು.

ಜಿಗಿಯಪ್ಪ ಮರದಿಂದ ಇಳಿದು ಓಡಿದ. ಗಡಿಯಲ್ಲಿ ಆನೆ ದೊಡ್ಡಮ್ಮ ಅಡ್ಡ ನಿಂತಿದ್ದಳು.

"ಎಲ್ಲಿಗಪ್ಪ?"

"ನನ್ನ ಯಂತ್ರ ಅಲ್ಲಿ ಬಿದ್ದಿದೆ ದೊಡ್ಡಮ್ಮ!"

"ಬಿದ್ದಿರಲಿ. ಕಟ್ಟಳೆ ಇರುವುದು ಕಾಲಿಗೆ ಅಂತ ನೀನೇ ಹೇಳಿದೆಯಲ್ಲ. ಈಗ ಕಾಲಿಡದೆ ನೀನು ಹೇಗೆ ಹೋಗುತ್ತೀಯ?"

ಈ ಸಲ ಉತ್ತರ ಹೊಳೆಯದವನು ಜಿಗಿಯಪ್ಪ.

"ಎಷ್ಟು ದಿನ ಕಾಯಬೇಕು?" ಎಂದು ಅವನು ಗಡಿಯಿಂದಲೇ ಕೂಗಿದ.

"ಮರಿ ಹಾರುವ ತನಕ" ಎಂದಳು ಪದುಮಕ್ಕ ಗೂಡಿನಿಂದ. "ಮೂರು ಹಾರಬೇಕಿತ್ತು. ಒಂದು ಹಾರುತ್ತದೆ."

ಜಿಗಿಯಪ್ಪ ಆಲದಮರದಲ್ಲಿ ಕೂತು ಕಾದ. ತಾಯಿಗಿಂತ ಹೆಚ್ಚು ಆತಂಕ ಅವನಿಗೇ. ಮೊಟ್ಟೆ ಒಡೆಯಿತೇ, ಮರಿಗೆ ಪುಕ್ಕ ಬಂತೇ ಎಂದು ದಿನವೂ ಕೇಳುತ್ತಿದ್ದ. ಕಾಗೆ ಈಚೆ ಸುಳಿದರೆ ಹಲ್ಲು ಕಿಸಿದು ಓಡಿಸುತ್ತಿದ್ದ. ಮೊದಮೊದಲು ಯಂತ್ರದ ಆಸೆಗೆ ಎಂದೇ ಇಟ್ಟುಕೊಳ್ಳಿ. ಆಮೇಲೆ ಯಾವುದರ ಆಸೆಗೋ ನನಗೆ ತಿಳಿಯದು. ಮುಸುವನ ಮನಸ್ಸನ್ನು ಬಲ್ಲೆ ಎನ್ನುವವರನ್ನು ನಾನು ನಂಬುವುದಿಲ್ಲ.

ಬೇರೆ ಗೂಡುಗಳ ಮರಿಗಳೆಲ್ಲ ಹಾರಿದ ಮೇಲೆ, ಒಂದು ಬೆಳಿಗ್ಗೆ ಪದುಮಕ್ಕನ ಮರಿ ಗೂಡಿನ ಅಂಚಿಗೆ ಬಂತು. ಒಮ್ಮೆ ಕೆಳಗೆ ನೋಡಿತು, ಒಮ್ಮೆ ತಾಯಿಯನ್ನು ನೋಡಿತು. ಆಮೇಲೆ ರೆಕ್ಕೆ ಬಿಚ್ಚಿ ಗಾಳಿಗೆ ಬಿದ್ದು, ತಡಬಡಿಸಿ, ಮೇಲೆದ್ದಿತು. ಆಲದಮರದ ಮೇಲೆ ಹಾದು ದೊಡ್ಡ ಸುತ್ತು ಹಾಕಿತು. ಪದುಮಕ್ಕ ಕತ್ತು ಎತ್ತಿ ನಿಂತ ಬಗೆ ನೋಡಿದರೆ, ಆ ಕೆರೆಯಲ್ಲಿ ಹಿಂದೆಂದೂ ಒಂದು ಹಕ್ಕಿಯೂ ಹಾರಿರಲಿಲ್ಲವೇನೋ ಎನ್ನಬೇಕು.

ಕೊಂಬೆಯ ಮೇಲೆ ಜಿಗಿಯಪ್ಪ ಎದ್ದು ನಿಂತಿದ್ದ. ಅವನನ್ನು ಯಾರೂ ಏಳು ಎಂದಿರಲಿಲ್ಲ.

"ಇನ್ನು ಕಾಲಿಡಬಹುದು" ಎಂದಳು ಆನೆ ದೊಡ್ಡಮ್ಮ.

ಅವನು ಹೋಗಿ ಯಂತ್ರವನ್ನು ತಂದು, ಕೆಸರು ಒರೆಸಿ, ಚೀಲದಲ್ಲಿದ್ದ ಬೇರೆ ರೆಕ್ಕೆ ಹಾಕಿದ. ಈಗ ಕಲ್ಲುಬಯಲಿನಲ್ಲಿ ಹಾರಿಸುತ್ತಾನೆ. ಅದಕ್ಕೂ ಮುಂಚೆ ಆ ದಾರಿಯಲ್ಲಿ ಬರುವವರಿದ್ದೀರಾ ಎಂದು ಕೊಕ್ಕರೆಗಳನ್ನು ಕೇಳುತ್ತಾನೆ. ಅಲ್ಲಿ ಅವನನ್ನು ನೋಡುವವರಿಲ್ಲ. ಹಾರಿಸುವುದಂತೂ ಚೆನ್ನಾಗಿಯೇ ಹಾರಿಸುತ್ತಾನೆ.

ಆಕಾಶಕ್ಕೆ ಒಡೆಯರಿಲ್ಲ ಎಂದು ಎಲ್ಲರೂ ನಂಬಿದ್ದರು ಎಂದೆನಲ್ಲ. ಆ ಎಲ್ಲರಲ್ಲಿ ಒಬ್ಬರಿಗೂ ರೆಕ್ಕೆ ಇರಲಿಲ್ಲ.

ನೀತಿ: ಹಾರಿಸಲು ಬಂದರೆ ಸಾಲದು, ಎಲ್ಲಿ ಹಾರಿಸಬಾರದು ಎಂಬುದನ್ನು ಅಲ್ಲಿ ವಾಸಿಸುವವರನ್ನು ಕೇಳಿ ತಿಳಿಯಬೇಕು.