ಹಗ್ಗದ ಎರಡನೆಯ ಗಂಟು

ಶಿಷ್ಯ ಕೇಳಿದ: "ಗುರುಗಳೇ, ದಿನಾ ಒಮ್ಮೆ ಸಾವನ್ನು ನೆನೆ ಎನ್ನುತ್ತೀರಿ. ನನಗೆ ಹೆದರಿಕೆಯಾಗುತ್ತದೆ. ನೆನೆದರೆ ಅದನ್ನು ಮನೆಗೆ ಕರೆದ ಹಾಗಾಗುವುದಿಲ್ಲವೇ?"

ಗುರುಗಳು ನಕ್ಕರು. "ನೆನೆಯದಿದ್ದರೆ ಅದಕ್ಕೆ ನಿನ್ನ ಮನೆಯ ದಾರಿ ತಿಳಿಯದು ಎಂದುಕೊಂಡೆಯಾ? ಕೂತುಕೋ, ಹೇಳುತ್ತೇನೆ."

ಕಡಲ ತೀರದಲ್ಲಿ ಒಬ್ಬ ಮೀನುಗಾರನಿದ್ದ. ಅವನಿಗೊಬ್ಬ ತಮ್ಮ. ತಂದೆತಾಯಿ ಹೋದ ಮೇಲೆ ಸಾಕಿದವನು ಅಣ್ಣನೇ. ತಮ್ಮನೆಂದರೆ ಅವನಿಗೆ ಜೀವ. ಇಬ್ಬರಿಗೂ ಸೇರಿ ಒಂದು ಜೋಡಿದೋಣಿ. ಎರಡು ಸಣ್ಣ ದೋಣಿಗಳನ್ನು ಅಡ್ಡಮರ ಹಾಕಿ ಬಿಗಿದು, ನಡುವೆ ಹಾಯಿಮರ ನಿಲ್ಲಿಸಿದ್ದು. ಗಾಳಿ ಸಿಕ್ಕಿದರೆ ಅದಕ್ಕೆ ಸಮನಿಲ್ಲ. ಆದರೆ ಮಗುಚಿದರೆ ಸುಲಭಕ್ಕೆ ಏಳುವುದಿಲ್ಲ.

ಅಣ್ಣ ಮುಂದಾಲೋಚನೆಯವನು. ಹಾಯಿಮರದ ತುದಿಗೆ ಒಣಗಿದ ಸೋರೆ ಬುರುಡೆ ಕಟ್ಟಿದ. ದೋಣಿ ಪಕ್ಕಕ್ಕೆ ಬಿದ್ದರೂ ಮರ ತೇಲಬೇಕು, ಪೂರ್ತಿ ಬೋರಲಾಗಬಾರದು ಎಂದು. ಅಡ್ಡಮರಕ್ಕೆ ಒಂದು ಹಗ್ಗ ಕಟ್ಟಿ ಅದರಲ್ಲಿ ಎರಡು ಗಂಟು ಹಾಕಿದ. ಬಿದ್ದ ದೋಣಿಯ ತಳದ ಮೇಲೆ ನಿಂತು, ಇಬ್ಬರೂ ಒಂದೊಂದು ಗಂಟು ಹಿಡಿದು ಹಿಂದಕ್ಕೆ ವಾಲಿದರೆ ಅದು ಏಳುತ್ತದೆ. ಮಳೆಗಾಲ ಮುಗಿದು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸುವ ದಿನ, ಪೂಜೆಯಾದ ಮೇಲೆ, ಅವನು ಹೊಳೆ ಕಡಲು ಸೇರುವ ಅಳಿವೆಯ ನಿಂತ ನೀರಿನಲ್ಲಿ ಬೇಕೆಂದೇ ದೋಣಿ ಮಗುಚುತ್ತಿದ್ದ. ತಮ್ಮನನ್ನೂ ಕರೆಯುತ್ತಿದ್ದ.

"ಬಿಡ್ತು ಅನ್ನು ಅಣ್ಣಾ. ಪೂಜೆಯ ದಿನ ಮುಳುಗುವ ಆಟ ಆಡುತ್ತಾರೆಯೇ?" ಎಂದು ತಮ್ಮ ದಡದಲ್ಲೇ ಬೆನ್ನು ತಿರುಗಿಸಿ ಕೂರುತ್ತಿದ್ದ. ಊರೂ ಅವನ ಕಡೆಗೇ. ಅಣ್ಣ ಒಬ್ಬನೇ ಜಗ್ಗಿ ಜಗ್ಗಿ, ಏದುಸಿರು ಬಿಡುತ್ತ ಹೇಗೋ ಎಬ್ಬಿಸುತ್ತಿದ್ದ. ಎರಡನೆಯ ಗಂಟು ಸುಮ್ಮನೆ ಜೋತಾಡುತ್ತಿತ್ತು.

ಒಂದು ಮಧ್ಯಾಹ್ನ ಕಡಲಲ್ಲಿ ಗಾಳಿ ತಿರುಗಿ ದೋಣಿ ಮಗುಚಿತು. ಅಣ್ಣ ತಳದ ಮೇಲೆ ಹತ್ತಿ ಹಗ್ಗ ಹಿಡಿದ. ತಮ್ಮ ಹಾಯಿಮರದ ತುದಿಗೆ ಹೋಗಿ ಬುರುಡೆಯನ್ನು ತಬ್ಬಿಕೊಂಡ. ಪಾಪ, ಕಲಿಯದವನಿಗೆ ತೇಲುವುದೆಲ್ಲ ಆಸರೆಯೇ. ಅವನ ಭಾರಕ್ಕೆ ಮರ ಮೇಲೇಳಲಿಲ್ಲ.

"ಅದನ್ನು ಬಿಡು ತಮ್ಮಾ. ಈಚೆ ಬಂದು ಹಗ್ಗ ಹಿಡಿ."

"ಬಿಟ್ಟರೆ ಮುಳುಗುತ್ತೇನೆ ಅಣ್ಣಾ."

ಅಣ್ಣ ಬೇಡಿದ, ಬೈದ, ಅತ್ತ. ಅಂಗೈ ಸುಲಿದರೂ ಜಗ್ಗಿದ. ಆಮೇಲೆ ಹಗ್ಗ ಒಮ್ಮೆಗೇ ಹಗುರಾಯಿತು. ಬೆನ್ನ ಹಿಂದೆ ಯಾರೋ ಗಂಟು ಹಿಡಿದು ವಾಲಿದ ಹಾಗೆ ದೋಣಿ ಎದ್ದಿತು. "ಬಂದೆಯಾ ತಮ್ಮಾ" ಎಂದು ತಿರುಗಿ ನೋಡಿದ. ಯಾರೂ ಇರಲಿಲ್ಲ. ನೆಟ್ಟಗೆ ನಿಂತ ಮರದ ತುದಿಯಲ್ಲಿ ಬರೀ ಬುರುಡೆಯಿತ್ತು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಕತ್ತಲಾಗುವವರೆಗೆ ಹುಡುಕಿದರೂ ತಮ್ಮ ಸಿಗಲಿಲ್ಲ.

ಅಣ್ಣ ಈಗಲೂ ಪೂಜೆಯ ದಿನ ಅಳಿವೆಯಲ್ಲಿ ದೋಣಿ ಮಗುಚುತ್ತಾನೆ. ಈಗ ಅದು ಕೈ ಹಚ್ಚಿದರೆ ಸಾಕು, ಏಳುತ್ತದೆ. ಅವನು ಹಿಡಿಯುವುದು ಮೊದಲನೆಯ ಗಂಟು. ಅವನ ಬೆನ್ನ ಹಿಂದೆ, ಎರಡನೆಯ ಗಂಟಿನವರೆಗೂ ಹಗ್ಗ ಬಿಗಿದು ನಿಂತಿರುತ್ತದೆ. ದಡದವರು ನೋಡುತ್ತಾರೆ; ಬಿಡ್ತು ಅನ್ನು ಎಂದು ಈಗ ಯಾರೂ ಹೇಳುವುದಿಲ್ಲ. ಅವನು ಮಾತ್ರ ಹಿಂದೆ ತಿರುಗುವುದಿಲ್ಲ. "ಬಂದೆಯಾ ತಮ್ಮಾ" ಎಂದಷ್ಟೇ ಕೇಳುತ್ತಾನೆ.

ಶಿಷ್ಯ ಹತ್ತಿರ ಸರಿದು ಕೇಳಿದ: "ಗುರುಗಳೇ, ನಿಜಕ್ಕೂ ಅವನೇ ಬರುತ್ತಾನೆಯೇ?"

"ಬದುಕಿದ್ದಾಗ ಒಮ್ಮೆ ಬಂದಿದ್ದರೆ ಸಾಕಿತ್ತಪ್ಪಾ."