ಮೊದಲ ಹಾವುಮೀನು ಅಜ್ಜಿಗೆ

ಏಳು ಸಮುದ್ರದಾಚೆ, ಹೊಳೆಯೇ ಮಂಜುಗಡ್ಡೆ ಕಟ್ಟಿ ಜನ ಅದರ ಮೇಲೆ ನಡೆದಾಡುವ ಚಳಿಸೀಮೆಯಲ್ಲಿ, ಮಿಕ್‌ಮಾಕ್ ಅನ್ನೋ ಜನರ ಒಂದು ಹಟ್ಟಿ ಇತ್ತಂತೆ. ಅವರ ಕಾಡನ್ನೆಲ್ಲ ದೊರೆ ನುಂಗಿ, 'ಇದು ನಿಮಗೆ ಮೀಸಲು' ಅಂತ ಹೊಳೆದಂಡೆಯ ಒಂದು ತುಂಡು ನೆಲ ಬಿಟ್ಟಿದ್ದನಂತೆ. ಹೊಟ್ಟೆ ತುಂಬಿದರೂ ಕಣ್ಣು ತುಂಬಬೇಕಲ್ಲ! ಒಂದು ದಿನ ಅಲ್ಲಿಗೂ ಬೇಲಿಗೂಟ ಹೊರಿಸಿಕೊಂಡು ಬಂದ.

"ದಂಡೆ ಹೋದ್ರೆ ಚಳಿಗಾಲಕ್ಕೆ ನಮಗೆ ಮೀನಿಲ್ಲ ದೊರೆ," ಅಂತ ಜನ ಗೋಗರೆದರು.

"ಹಾಗಾದರೆ ಪಂದ್ಯ! ಸಂಜೆಯೊಳಗೆ ಯಾರು ಹೆಚ್ಚು ಹಾವುಮೀನು ಹಿಡೀತಾರೋ, ದಂಡೆ ಅವರದು."

ಎಲ್ಲರೂ ಮಾಲಿಯಾನ್ ಮುಖ ನೋಡಿದರು. ಮೀನಿಗೆ ಈಟಿ ಹಾಕೋದರಲ್ಲಿ ಅವಳನ್ನು ಬಿಟ್ಟರಿಲ್ಲ.

ದೊರೆಯ ಕಡೆಯವರು ಮಂಜುಗಡ್ಡೆಯ ಮೇಲೆ ಧಡಧಡ ಕುದುರೆ ಓಡಿಸಿದರು, ಡೋಲು ಬಡಿದರು, ಕಂಡಕಂಡಲ್ಲಿ ತೂತು ಕೊರೆದರು. ಮಾಲಿಯಾನ್ ಒಂದೇ ತೂತು ಕೊರೆದು ಈಟಿ ಇಳಿಸಿದಳು. ಸಿಕ್ಕಿತು ನೋಡಿ, ತೋಳುದ್ದದ ಹಾವುಮೀನು! ಸಿಕ್ಕಿದ್ದೇ ತಡ, ಅದನ್ನೆತ್ತಿಕೊಂಡು ಹಟ್ಟಿ ಕಡೆ ಓಟ ಕಿತ್ತಳು.

"ಹುಚ್ಚು ಹಿಡೀತೇನೇ ನಿಂಗೆ? ದಂಡೆ ಹೋಗುತ್ತೆ!" ಅಂತ ಕೂಗುತ್ತ ಗಂಡ ಪಿಯೆಲ್ ಹಿಂದೆಯೇ ಓಡಿದ.

"ಮೊದಲ ಮೀನು ಹಿರಿಯರಿಗೆ. ಆ ಪದ್ಧತಿ ಬಿಟ್ಟು ದಂಡೆ ಇಟ್ಕೊಂಡು ಏನ್ಮಾಡೋದು?"

ಹಟ್ಟಿಗೆಲ್ಲ ಹಿರಿಯಳು ಸುಸಾನಜ್ಜಿ. ಕಣ್ಣು ಕಾಣದು. ಮೀನನ್ನು ತಲೆಯಿಂದ ಬಾಲದವರೆಗೆ ಸವರಿ, "ಒಂಚೂರೂ ಕೆಸರಿಲ್ಲವಲ್ಲೇ! ಚಳಿಗಾಲದಲ್ಲಿ ಇದು ಕೆಸರಲ್ಲಿ ಮಲಗಿರಬೇಕು. ಹೊಳೇಲಿ ಅದೇನು ಗದ್ದಲ?" ಅಂದಳು.

"ದೊರೆ ಕುದುರೆಗಳು ಅಜ್ಜಿ."

"ತಲೆ ಮೇಲೆ ಕುದುರೆ ಕುಣಿದ್ರೆ ಯಾರಿಗೆ ನಿದ್ದೆ ಬರುತ್ತೆ? ಎಲ್ಲ ಎದ್ದು ಹುಲ್ಲಿನ ಮಡುವಿಗೆ ಹೋಗಿರ್ತವೆ. ಎಳಿ ಜಾರುಗಾಡಿ, ನಾನೂ ಬರ್ತೀನಿ!"

ಅವಳನ್ನು ಕೂರಿಸಿಕೊಂಡು ಗಂಡಹೆಂಡಿರು ಎಳೆದರಂತೆ, ಎಳೆದರಂತೆ. ಅಜ್ಜಿ ದಾರಿಯುದ್ದಕ್ಕೂ ಕೇಕೆ ಹಾಕಿ, ಮಡು ಬಂದ ಕೂಡಲೇ ತಾನೇ ಬಾಯಿ ಮುಚ್ಚಿಕೊಂಡಳಂತೆ. ಅಲ್ಲಿ ಈಟಿ ಇಳಿಸಿದರೆ ಮೀನು, ಎತ್ತಿದರೆ ಮೀನು! ಹೊತ್ತು ಮುಳುಗುವ ಮೊದಲೇ ಬುಟ್ಟಿ ತುಂಬಿತು. ದೊರೆಗೆ ಸಿಕ್ಕಿದ್ದು ಒಂದು ಮರಿ, ಅದೂ ಕೈಜಾರಿ ಹೋಯಿತು.

ಮಾಲಿಯಾನ್ ಈಟಿ ಒರೆಸಿ ಹೆಗಲಿಗೇರಿಸಿದಳು. ನೋಡಲು ಬಂದ ದೊರೆ ಬೆರಗಾಗಿ, "ಮಡು ತುಂಬ ಮೀನಿದೆ. ಯಾಕೆ ನಿಲ್ಲಿಸಿದೆ?" ಅಂದ.

"ನಾಳೆಯೂ ಹಸಿವಾಗುತ್ತಲ್ಲ ದೊರೆ."

ದೊರೆ ದಂಡೆ ಬಿಟ್ಟುಕೊಟ್ಟನಂತೆ. ಗೂಟ ಹೊರಿಸಿಕೊಂಡು ಹೊರಟ. ಆದರೆ ಸುಸಾನಜ್ಜಿ ಬಿಟ್ಟಾಳೆಯೇ? "ಹಸಿದು ಹೋಗ್ತಾನಲ್ಲೇ, ಕರಿ ಅವನ್ನ," ಅಂತ ತನ್ನ ಪಾಲಿನ ಮೊದಲ ಮೀನು ಸುಟ್ಟು, ಬಾಲದ ತುಂಡನ್ನು ಅವನಿಗೂ ಕೊಟ್ಟಳಂತೆ.

ದಂಡೆ ಅವರಿಗಾಯ್ತು, ಬಾಲ ದೊರೆಗಾಯ್ತು, ಕಥೆ ನಿಮಗಾಯ್ತು.